ಹಳ್ಳದ ದಂಡೆಯ ಬೆಳಗಿನ ನಡಿಗೆ: ಕೊಟ್ಟಿಗೆಹಾರದ ಕುಣಿಯುವ ಕಪ್ಪೆಯನ್ನು ತೋರಿಸುವ ಸೇವೆ ಹೇಗಿದೆ?

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ, ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿರುವ ಕೊಟ್ಟಿಗೆಹಾರವನ್ನು ಹೆಚ್ಚಿನ ಪ್ರಯಾಣಿಕರು ಬಲ್ಲುದು ನೀರುದೋಸೆಯಿಂದ. ಧರ್ಮಸ್ಥಳಕ್ಕೋ ಮಂಗಳೂರಿಗೋ ಹೊರಟವರು ಇಲ್ಲಿ ಇಳಿದು, ದೋಸೆ ತಿಂದು, ಕಾಫಿ ಕುಡಿದು ಘಾಟಿ ಇಳಿಯುತ್ತಾರೆ. ಪ್ರಾಣಿಶಾಸ್ತ್ರ ಬಲ್ಲವರಿಗೆ ಮಾತ್ರ ಈ ಊರಿನ ಹೆಸರು ಬೇರೊಂದು ಕಾರಣಕ್ಕೆ ಪರಿಚಿತ. ಇಲ್ಲಿನ ಹಳ್ಳಗಳ ಬಂಡೆಗಳ ಮೇಲೆ ಬದುಕುವ, ಒಂದು ಅಂಗುಲದಷ್ಟೇ ಉದ್ದದ ಕಂದು ಕಪ್ಪೆಯೊಂದು 1937ರಿಂದಲೂ ಈ ಊರಿನ ಹೆಸರನ್ನೇ ಹೊತ್ತುಕೊಂಡಿದೆ. ಅದರ ವೈಜ್ಞಾನಿಕ ಹೆಸರು ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. ಬಂಡೆಯ ಮೇಲೆ ಕುಳಿತ ಗಂಡು ತನ್ನ ಹಿಂಗಾಲನ್ನು ಹಿಂದಕ್ಕೆ ನೀಡಿ, ಬೆರಳುಗಳ ನಡುವಿನ ಜಾಲಪಾದವನ್ನು ಬಿಚ್ಚಿ ತೋರಿಸಿ ಮತ್ತೆ ಮಡಚಿಕೊಳ್ಳುವ ವಿಶಿಷ್ಟ ನಡವಳಿಕೆಯಿಂದಾಗಿ ಇದಕ್ಕೂ ಇದರ ಬಳಗಕ್ಕೂ ಕುಣಿಯುವ ಕಪ್ಪೆಗಳೆಂದು ಹೆಸರು ಬಂದಿದೆ.

ಈ ಕಪ್ಪೆಯನ್ನು ತೋರಿಸುವುದಾಗಿ ಹೇಳಿ ಹಳ್ಳದ ದಂಡೆಯಲ್ಲಿ ನಡಿಗೆ ಏರ್ಪಡಿಸುವ ಹೋಂಸ್ಟೇಯೊಂದು ಆ ಸೀಮೆಯ ಕಾಫಿ ತೋಟದಲ್ಲಿದೆ. ಅಲ್ಲಿ ತಂಗಿ, ಅವರ ಬೆಳಗಿನ ನಡಿಗೆಯನ್ನೂ ರಾತ್ರಿಯ ನಡಿಗೆಯನ್ನೂ ಮಾಡಿದ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಮೆಚ್ಚುಗೆಯ ಜೊತೆಗೆ ಗಂಭೀರವಾದ ಆಕ್ಷೇಪಗಳೂ ಇರುವುದರಿಂದ ಹೋಂಸ್ಟೇಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೆಸರಿಲ್ಲದಿದ್ದರೂ ಓದುಗರಿಗೆ ನಷ್ಟವಿಲ್ಲವೆಂದು ಭಾವಿಸುತ್ತೇನೆ. ಮಲೆನಾಡಿನಲ್ಲಿ ಈಗ ಕಪ್ಪೆ ನಡಿಗೆ ಎಂಬುದು ಅನೇಕ ಹೋಂಸ್ಟೇಗಳ ಸೇವೆಗಳ ಪಟ್ಟಿಗೆ ಸೇರಿದೆ, ಮತ್ತು ಅಂಥ ಯಾವುದೇ ನಡಿಗೆಗೆ ಹಣ ಕೊಡುವ ಮುನ್ನ ಏನನ್ನು ಕೇಳಬೇಕು, ಏನನ್ನು ಗಮನಿಸಬೇಕು ಎಂಬುದನ್ನು ಈ ಒಂದು ಉದಾಹರಣೆಯಿಂದಲೇ ತಿಳಿಯಬಹುದು.

ಮೊದಲು ಮೆಚ್ಚಬೇಕಾದದ್ದು ಅವರು ಆರಿಸಿಕೊಂಡ ಹೊತ್ತನ್ನು. ಕಪ್ಪೆ ಎಂದೊಡನೆ ಕತ್ತಲು, ಟಾರ್ಚು, ಸುರಿಯುವ ಮಳೆ ಎಂದು ಭಾವಿಸುವುದು ನಮ್ಮಲ್ಲಿ ರೂಢಿ. ಕುಣಿಯುವ ಕಪ್ಪೆಯ ಮಟ್ಟಿಗೆ ಆ ರೂಢಿ ನಡೆಯುವುದಿಲ್ಲ. ಅದು ಹಗಲಿನಲ್ಲಿ ಚಟುವಟಿಕೆಯಿಂದಿರುವ ಜೀವಿ. ಕಾಲು ಬೀಸಿ ಸಂದೇಶ ಕಳಿಸುವ ಪ್ರಾಣಿಗೆ ಆ ಕಾಲು ಎದುರಾಳಿಯ ಕಣ್ಣಿಗೆ ಬೀಳಬೇಕು, ಕಣ್ಣಿಗೆ ಬೀಳಲು ಬೆಳಕು ಬೇಕು. ಈ ಸರಳ ಸಂಗತಿಯನ್ನು ಅರ್ಥಮಾಡಿಕೊಂಡೇ ಇಲ್ಲಿನ ಮಾರ್ಗದರ್ಶಕರು ನಡಿಗೆಯನ್ನು ಬೆಳಗಿನ ತಿಂಡಿಯ ನಂತರ, ಮರಗಳ ಸಂದಿಯಿಂದ ಹಳ್ಳಕ್ಕೆ ಸಾಕಷ್ಟು ಬೆಳಕು ಇಳಿದ ಮೇಲೆ ಆರಂಭಿಸುತ್ತಾರೆ. ರಾತ್ರಿಯ ನಡಿಗೆ ಬೇರೆಯೇ ಇದ್ದು ಅದರ ಉದ್ದೇಶವೂ ಬೇರೆ ಎಂದು ಅವರು ಮೊದಲೇ ತಿಳಿಸುತ್ತಾರೆ. ಕುಣಿಯುವ ಕಪ್ಪೆಯನ್ನು ರಾತ್ರಿ ತೋರಿಸುತ್ತೇವೆ ಎನ್ನುವ ಯಾರನ್ನಾದರೂ ನೀವು ಸಂಶಯದಿಂದಲೇ ನೋಡಬೇಕು, ಏಕೆಂದರೆ ಅವರು ಅದನ್ನು ಎಲೆಯ ಮೇಲೆ ಮಲಗಿರುವಾಗ ಬೆಳಕು ಹಾಯಿಸಿ ತೋರಿಸಬಲ್ಲರೇ ಹೊರತು ಅದರ ಬದುಕನ್ನು ತೋರಿಸಲಾರರು.

ಋತುವಿನ ವಿಷಯದಲ್ಲಿ ಹೋಂಸ್ಟೇಯವರ ನಡೆ ಇಷ್ಟು ನೇರವಾಗಿಲ್ಲ. ಅವರ ಜಾಹೀರಾತಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಂದು ದೊಡ್ಡದಾಗಿ ಹಾಕಿಕೊಂಡಿದ್ದಾರೆ. ಮುಂಗಾರಿನ ತೀವ್ರತೆಯ ದಿನಗಳಲ್ಲಿ ಘಾಟಿಯ ಹಳ್ಳಗಳು ಕೆಂಪಾಗಿ ಉಕ್ಕಿ ಹರಿಯುತ್ತವೆ, ಬಂಡೆಗಳು ಮುಳುಗಿರುತ್ತವೆ, ಕಪ್ಪೆಗೆ ಕುಳಿತುಕೊಳ್ಳಲು ವೇದಿಕೆಯೇ ಇರುವುದಿಲ್ಲ. ಮಳೆಯ ಅಬ್ಬರ ಇಳಿದು, ನೀರು ತಿಳಿಯಾಗಿ, ಬಂಡೆಗಳ ನೆತ್ತಿಗಳು ಮೇಲೆದ್ದು, ಹರಿವು ಒಂದು ಹದಕ್ಕೆ ಬಂದ ಮೇಲೆಯೇ ಈ ಕಪ್ಪೆಗಳ ಸಂತಾನದ ಕಾಲ ಕಳೆಗಟ್ಟುವುದು. ಅಕ್ಟೋಬರ್, ನವೆಂಬರ್ ಇದಕ್ಕೆ ಉತ್ತಮ ತಿಂಗಳುಗಳು. ಜುಲೈನಲ್ಲಿ ಬಂದು ಏನನ್ನೂ ಕಾಣದೆ ಹೋದ ಅತಿಥಿಗಳ ನಿರಾಶೆಗೆ ಕಪ್ಪೆ ಹೊಣೆಯಲ್ಲ, ಜಾಹೀರಾತು ಹೊಣೆ. ಮಾರ್ಗದರ್ಶಕರಿಗೆ ಇದು ಚೆನ್ನಾಗಿ ಗೊತ್ತಿದೆ, ಕೇಳಿದರೆ ನೇರವಾಗಿ ಹೇಳುತ್ತಾರೆ. ಕೊಠಡಿ ಕಾಯ್ದಿರಿಸುವ ಫೋನಿನಲ್ಲಿ ಉತ್ತರಿಸುವವರು ಮಾತ್ರ ಎಲ್ಲ ತಿಂಗಳಿಗೂ ಹೌದು ಎನ್ನುತ್ತಾರೆ. ಇದು ಸುಲಭವಾಗಿ ಸರಿಪಡಿಸಬಹುದಾದ ದೋಷ, ಸರಿಪಡಿಸಲೇಬೇಕಾದ ದೋಷವೂ ಹೌದು.

ಈಗ ನಡಿಗೆಯ ವಿಷಯಕ್ಕೆ ಬರೋಣ. ತೋಟದ ಕಾಫಿ ಗಿಡಗಳ ಸಾಲು ಮುಗಿದು ಕಾಡಿನ ಮರಗಳು ಆರಂಭವಾಗುವಲ್ಲಿ, ತೋಟದ ಎಲ್ಲೆಯೊಳಗೇ ಹರಿಯುವ ಹಳ್ಳವೊಂದರ ದಂಡೆಗೆ ಅವರು ಕರೆದೊಯ್ಯುತ್ತಾರೆ. ಮೀಸಲು ಅರಣ್ಯದೊಳಕ್ಕೆ ಹೆಜ್ಜೆ ಇಡುವುದಿಲ್ಲ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದನ್ನು ಅತಿಥಿಗಳಿಗೆ ಮುಲಾಜಿಲ್ಲದೆ ಹೇಳುತ್ತಾರೆ. ಹಳ್ಳದ ಇಬ್ಬದಿಯಲ್ಲೂ ಮರಗಳನ್ನು ಕಡಿಯದೆ ಬಿಟ್ಟಿರುವುದರಿಂದ ನೀರಿನ ಮೇಲೆ ಹಸಿರು ಚಪ್ಪರವಿದೆ, ದಂಡೆಯ ಬಂಡೆಗಳ ಮೇಲೆ ಪಾಚಿ ಒಣಗಿಲ್ಲ, ಕಾಫಿಯ ಸಾಲಿಗಿಂತ ಹಳ್ಳದ ಬಳಿ ಗಾಳಿ ತಂಪಾಗಿರುವುದು ಚರ್ಮಕ್ಕೇ ತಿಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಈ ಹೋಂಸ್ಟೇ ಮಾರುತ್ತಿರುವ ನಿಜವಾದ ಸರಕು ಈ ನೆರಳೇ. ತೋಟದ ಹಿಂದಿನ ತಲೆಮಾರಿನವರು ಹಳ್ಳದ ಅಂಚಿನವರೆಗೂ ಗಿಡ ನೆಟ್ಟು ಲಾಭ ಹೆಚ್ಚಿಸಿಕೊಳ್ಳಬಹುದಿತ್ತು, ಅವರು ಹಾಗೆ ಮಾಡಲಿಲ್ಲ. ಕಪ್ಪೆ ಉಳಿದಿರುವುದು ಆ ಕಾರಣಕ್ಕೆ. ನಡಿಗೆಯ ಪರಿಚಯದಲ್ಲಿ ಈ ಮಾತು ಒಂದು ವಾಕ್ಯದಲ್ಲಿ ಬಂದುಹೋಗುತ್ತದೆ. ಅದನ್ನು ಇನ್ನಷ್ಟು ವಿವರವಾಗಿ ಹೇಳಿದರೆ ನೆರೆಯ ತೋಟಗಳಿಂದ ಬರುವ ಅತಿಥಿಗಳಿಗೂ ಉಪಯೋಗವಾದೀತು.

ಹಳ್ಳದ ಬಳಿ ತಲುಪಿದ ಮೇಲೆ ಮಾರ್ಗದರ್ಶಕರು ಹಾಕುವ ಮೊದಲ ಕಟ್ಟುಪಾಡು ನೀರಿಗೆ ಇಳಿಯಬಾರದೆಂಬುದು. “ಯಾರೂ ನೀರಿಗೆ ಕಾಲಿಡಬೇಡಿ, ಮೊಟ್ಟೆ, ಮರಿ ಎಲ್ಲ ಅಲ್ಲೇ ಮರಳಿನೊಳಗಿರ್ತಾವೆ” ಎಂದು ಅವರು ಹೇಳಿದಾಗ ನಮ್ಮ ಗುಂಪಿನಲ್ಲಿದ್ದ ಕೆಲವರಿಗೆ ಅದು ಅತಿಯಾದ ಜಾಗ್ರತೆ ಎನಿಸಿತು. ಆದರೆ ಅದರ ಹಿಂದೆ ಗಟ್ಟಿಯಾದ ಕಾರಣವಿದೆ. ಸ್ಯಾಕ್ಸಿಕೋಲ ಎಂಬ ಹೆಸರಿನಡಿ ಪಶ್ಚಿಮಘಟ್ಟದಲ್ಲಿ ಅಧ್ಯಯನಗೊಂಡ ಇದೇ ಬಳಗದ ಕಪ್ಪೆಯ ಸಂತಾನಕ್ರಮವನ್ನು ಕಪ್ಪೆಗಳ ಸಂಶೋಧಕ ಕೆ. ವಿ. ಗುರುರಾಜ ಅವರು 2010ರಲ್ಲಿ ವಿವರಿಸಿದರು. ಜೋಡಿ ಕೂಡಿದ ಮೇಲೆ ಹೆಣ್ಣು ಹಳ್ಳದ ತಳದಲ್ಲಿ, ಕಡಿಮೆ ಆಳದ ನೀರಿನಲ್ಲಿ, ತನ್ನ ಹಿಂಗಾಲುಗಳಿಂದಲೇ ಗುಳಿ ತೋಡಿ, ಮೊಟ್ಟೆ ಇಟ್ಟು, ಮರಳು ಮತ್ತು ಸಣ್ಣ ಕಲ್ಲುಗಳಿಂದ ಮುಚ್ಚಿಬಿಡುತ್ತದೆ. ಮೊಟ್ಟೆಗಳ ಮುದ್ದೆ ನೀರಿನ ಮೇಲೆ ತೇಲುವುದನ್ನಾಗಲೀ ಎಲೆಗೆ ಅಂಟಿರುವುದನ್ನಾಗಲೀ ಇಲ್ಲಿ ಹುಡುಕಿ ಪ್ರಯೋಜನವಿಲ್ಲ, ಎಲ್ಲವೂ ಕಾಲಡಿಯ ಮರಳಿನಲ್ಲಿದೆ.

ಮೊಟ್ಟೆಯೊಡೆದ ಮೇಲೂ ಈ ಗುಟ್ಟು ಮುಂದುವರಿಯುತ್ತದೆ. ಕುಣಿಯುವ ಕಪ್ಪೆಗಳ ಗೊದಮೊಟ್ಟೆಗಳು ಹೇಗಿರುತ್ತವೆ, ಎಲ್ಲಿರುತ್ತವೆ ಎಂಬುದು ಬಹುಕಾಲ ಸರಿಯಾಗಿ ತಿಳಿದೇ ಇರಲಿಲ್ಲ. 2016ರಲ್ಲಿ ಭಾರತ, ಶ್ರೀಲಂಕಾ ಮತ್ತು ಅಮೆರಿಕದ ವಿಜ್ಞಾನಿಗಳ ತಂಡವೊಂದು, ಈ ಬಳಗದ ಮೈಕ್ರಿಕ್ಸಾಲಸ್ ಹೆರ್ರೆಯಿ ಎಂಬ ಪ್ರಭೇದದ ಗೊದಮೊಟ್ಟೆಗಳು ಹಳ್ಳದ ತಳದ ಮರಳು ಕಲ್ಲುಗಳ ಒಳಗೇ ಹೂತುಕೊಂಡು ಬೆಳೆಯುತ್ತವೆಂದು ತೋರಿಸಿತು. ಹಾವುಮೀನಿನಂತೆ ಉದ್ದನೆಯ ಸ್ನಾಯುಯುತ ದೇಹ, ಚರ್ಮದ ಹೊದಿಕೆಯ ಕೆಳಗಿರುವ ಕಣ್ಣುಗಳು, ಗೊದಮೊಟ್ಟೆಗಳಲ್ಲಿ ಅಪರೂಪವಾದ ಪಕ್ಕೆಲುಬುಗಳು, ಹೊಟ್ಟೆಯೊಳಗೆ ಮರಳು, ಹೀಗೆ ನೆಲದೊಳಗಿನ ಬದುಕಿಗೆ ಬೇಕಾದ ಅಳವಡಿಕೆಗಳೆಲ್ಲ ಅವುಗಳಲ್ಲಿವೆ. ಕಣ್ಣಿಗೆ ಕಾಣದ ಈ ಶಿಶುವಿಹಾರದ ಮೇಲೆ ಹತ್ತು ಜನ ಗಂಬೂಟು ಹಾಕಿಕೊಂಡು ನಡೆದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಳ್ಳದ ಮರಳನ್ನು ಮನೆ ಕಟ್ಟಲೆಂದು ಬುಟ್ಟಿಯಲ್ಲಿ ಎತ್ತಿದರೂ ಆಗುವುದು ಅದೇ ನಷ್ಟ. ನೀರಿಗೆ ಇಳಿಯಬೇಡಿ ಎಂಬ ಒಂದು ಮಾತಿನ ಹಿಂದೆ ಇಷ್ಟೆಲ್ಲ ತಿಳಿವಳಿಕೆ ಇರುವ ಮಾರ್ಗದರ್ಶಕರು ಸಿಕ್ಕಿದ್ದು ಈ ಸೇವೆಯ ಅತಿ ದೊಡ್ಡ ಗುಣ.

ದಂಡೆಯ ಮೇಲೆ, ನೀರಿನಿಂದ ಕೆಲವು ಹೆಜ್ಜೆ ಹಿಂದೆ, ನಮ್ಮನ್ನು ಕುಳ್ಳಿರಿಸಿ ಮೌನವಾಗಿರಲು ಹೇಳಿದರು. ಆರಂಭದಲ್ಲಿ ಬಂಡೆಗಳ ಮೇಲೆ ಬಂಡೆಗಳಲ್ಲದೆ ಬೇರೇನೂ ಕಾಣಲಿಲ್ಲ. ಒದ್ದೆ ಕಲ್ಲಿನ ಬಣ್ಣವೂ ಕಪ್ಪೆಯ ಬಣ್ಣವೂ ಅಷ್ಟೊಂದು ಹೊಂದಿಕೊಂಡಿರುತ್ತವೆ. ಹಳ್ಳದ ಮೊರೆತಕ್ಕೆ ಕಿವಿ ಒಗ್ಗಿದ ಮೇಲೆ, ಆ ಮೊರೆತದ ಮೇಲಿನ ಸ್ಥಾಯಿಯಲ್ಲಿ ತೀಕ್ಷ್ಣವಾದ, ಬಿಡಿಬಿಡಿಯಾದ ಸದ್ದೊಂದು ಕೇಳಿಸತೊಡಗಿತು. ಆ ಸದ್ದಿನ ದಿಕ್ಕು ಹಿಡಿದು ನೋಡಿದಾಗ ಬಂಡೆಯ ಅಂಚಿನಲ್ಲಿ ಬಿಳಿಯ ಧ್ವನಿಚೀಲವೊಂದು ಉಬ್ಬಿ ಇಳಿಯುತ್ತಿತ್ತು. ಕಪ್ಪೆಯ ಇರವು ತಿಳಿದದ್ದು ಆ ಬಿಳುಪಿನಿಂದ. ಅದು ಮೊದಲು ಹಿಂಗಾಲನ್ನು ನೆಲದಿಂದ ಸ್ವಲ್ಪವೇ ಎತ್ತಿ ಬಂಡೆಗೆ ಬಡಿಯುತ್ತದೆ. ಸ್ವಲ್ಪ ದೂರದಲ್ಲಿ ಇನ್ನೊಂದು ಗಂಡು ಕಾಣಿಸಿಕೊಂಡರೆ ಸದ್ದು ಮಾಡಿ, ಬಳಿಕ ಒಂದು ಕಾಲನ್ನು ಪೂರ್ತಿಯಾಗಿ ಹಿಂದಕ್ಕೂ ಪಕ್ಕಕ್ಕೂ ಚಾಚಿ, ಬೆರಳುಗಳನ್ನು ಅಗಲಿಸಿ, ಒಂದು ಕಮಾನಿನಂತೆ ಸುತ್ತಿಸಿ ಒಳಗೆ ಎಳೆದುಕೊಳ್ಳುತ್ತದೆ. ನಂತರ ಇನ್ನೊಂದು ಕಾಲು. ಎಲ್ಲವೂ ಕ್ಷಣದೊಳಗೆ ಮುಗಿಯುತ್ತದೆ. ಮತ್ತೆ ಆಗುವವರೆಗೆ ಕಾಯಬೇಕು.

ಇದನ್ನು ಹೆಣ್ಣನ್ನು ಮೆಚ್ಚಿಸುವ ನೃತ್ಯವೆಂದೇ ಹೆಚ್ಚಿನ ಪ್ರವಾಸಿ ಬರಹಗಳು ಬಣ್ಣಿಸುತ್ತವೆ. ನಮ್ಮ ಮಾರ್ಗದರ್ಶಕರು ಆ ಸುಲಭದ ದಾರಿ ಹಿಡಿಯದೆ ಸಂಶೋಧನೆಗಳಲ್ಲಿರುವುದನ್ನು ಹೇಳಿದರು. ಆಸ್ಟ್ರಿಯಾದ ಮತ್ತು ಭಾರತದ ವಿಜ್ಞಾನಿಗಳು ಪಶ್ಚಿಮಘಟ್ಟದ ಹಳ್ಳಗಳಲ್ಲಿ ಒಟ್ಟಾಗಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಕಾಲುಬೀಸುವಿಕೆ ಮುಖ್ಯವಾಗಿ ಗಂಡು ಗಂಡುಗಳ ನಡುವಿನ ವ್ಯವಹಾರ. ಇದು ನನ್ನ ಬಂಡೆ, ಹತ್ತಿರ ಬರಬೇಡ ಎಂಬ ಎಚ್ಚರಿಕೆ ಅದು. ಎಚ್ಚರಿಕೆಗೆ ಬಗ್ಗದೆ ಮುಂದುವರಿದವನನ್ನು ಬಂಡೆಯ ಒಡೆಯ ಹಿಂಗಾಲಿನಿಂದ ಒದ್ದು ನೀರಿಗೆ ಬೀಳಿಸುವುದೂ ಉಂಟು. ಒದೆತಕ್ಕೆಂದು ಎತ್ತಿದ ಕಾಲೇ ಪೀಳಿಗೆಗಳ ನಂತರ ಒದೆಯದೆ ಬೆದರಿಸುವ ಸಂಕೇತವಾಗಿ ಬೆಳೆದಿರಬೇಕೆಂಬುದು ವಿಜ್ಞಾನಿಗಳ ಊಹೆ. ಸದ್ದಿನ ಜೊತೆಗೆ ನೋಟವನ್ನೂ ಬಳಸಲು ಹಳ್ಳದ ಗದ್ದಲ ಕಾರಣ. ಸದಾ ಭೋರ್ಗರೆಯುವ ನೀರಿನ ಬಳಿ ಬರಿಯ ಕೂಗು ದೂರ ಹೋಗುವುದಿಲ್ಲ. ಕೂಗು ಎದುರಾಳಿಯ ಗಮನವನ್ನು ತನ್ನತ್ತ ಸೆಳೆಯುತ್ತದೆ, ಕಾಲು ಹೇಳಬೇಕಾದುದನ್ನು ಹೇಳುತ್ತದೆ. ಭಾರತದ ಕಪ್ಪೆಗಳಿಂದ ಬಹುದೂರ ಬೇರ್ಪಟ್ಟ, ಬೋರ್ನಿಯೋದ ಹಳ್ಳಗಳಲ್ಲಿ ಬದುಕುವ ಬೇರೊಂದು ಬಳಗದ ಕಪ್ಪೆಗಳೂ ಇದೇ ತೊಡಕಿಗೆ ಇದೇ ಪರಿಹಾರವನ್ನು ಪ್ರತ್ಯೇಕವಾಗಿ ಕಂಡುಕೊಂಡಿವೆ ಎಂಬ ಸಂಗತಿಯನ್ನೂ ಅವರು ಹೇಳಿದ್ದು ನನಗೆ ಬಹಳ ಸಂತೋಷ ತಂದಿತು. ಪ್ರವಾಸಿಗರಿಗೆ ಇಷ್ಟೆಲ್ಲ ಬೇಡ ಎಂದು ತಮ್ಮ ಅರಿವನ್ನು ಕಡಿತಗೊಳಿಸಿಕೊಳ್ಳದ ಮಾರ್ಗದರ್ಶಕರು ಅಪರೂಪ.

ಕಪ್ಪೆಯ ಹೆಸರಿನ ಚರಿತ್ರೆಯನ್ನು ಹೇಳುವಾಗಲೂ ಅವರು ಸಿ. ಆರ್. ನಾರಾಯಣರಾಯರನ್ನು ನೆನೆದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ, 1932ರಲ್ಲಿ ಆರಂಭವಾದ ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರೂ ಆಗಿದ್ದ ರಾಯರು, ಆಗ ಕಡೂರು ಜಿಲ್ಲೆ ಎನಿಸಿಕೊಂಡಿದ್ದ ಇಂದಿನ ಚಿಕ್ಕಮಗಳೂರಿನ ಈ ಭಾಗದಿಂದ ಸಂಗ್ರಹಿಸಿದ ಕಪ್ಪೆಯನ್ನು 1937ರಲ್ಲಿ ಫಿಲೌಟಸ್ ಕುಲಕ್ಕೆ ಸೇರಿಸಿ ವರ್ಣಿಸಿದರು. ಅವರು ಇರಿಸಿದ್ದ ಮೂಲ ಮಾದರಿಗಳು ಮುಂದೆ ಕಳೆದುಹೋದವು. ಹೀಗಾಗಿ ರಾಯರು ಹೆಸರಿಸಿದ ಕಪ್ಪೆ ಯಾವುದೆಂದು ಗುರುತಿಸುವುದೇ ನಂತರದವರಿಗೆ ಕಷ್ಟವಾಯಿತು. 2014ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಎಸ್. ಡಿ. ಬಿಜು ಮತ್ತು ಸಂಗಡಿಗರು ಕುಣಿಯುವ ಕಪ್ಪೆಗಳ ಮೈಕ್ರಿಕ್ಸಾಲಸ್ ಕುಲವನ್ನು ಸಮಗ್ರವಾಗಿ ಪರಿಶೀಲಿಸಿ, ಒಮ್ಮೆಗೇ 14 ಹೊಸ ಪ್ರಭೇದಗಳನ್ನು ಹೆಸರಿಸಿದರು, ಪ್ರಭೇದಗಳ ಒಟ್ಟು ಸಂಖ್ಯೆ 24ಕ್ಕೆ ಏರಿತು. ಇವೆಲ್ಲವೂ ಪಶ್ಚಿಮಘಟ್ಟದಲ್ಲಲ್ಲದೆ ಪ್ರಪಂಚದ ಬೇರೆಲ್ಲೂ ಇಲ್ಲ. ರಾಯರ ಹೆಸರು ಈಗ ಪೊದೆಗಪ್ಪೆಗಳ ರಾವೋರ್ಕೆಸ್ಟಿಸ್ ಎಂಬ ಕುಲದಲ್ಲಿ ಉಳಿದಿದೆ. ಕನ್ನಡನಾಡಿನ ವಿಜ್ಞಾನದ ಈ ಅಧ್ಯಾಯವನ್ನು ಕೊಟ್ಟಿಗೆಹಾರದ ಹಳ್ಳದ ಬಳಿಯೇ ಕೇಳುವ ಅವಕಾಶವನ್ನು ಒಂದು ಖಾಸಗಿ ಹೋಂಸ್ಟೇ ಒದಗಿಸುತ್ತಿರುವುದು ಸಣ್ಣ ಮಾತಲ್ಲ. ಊರಿನ ವೃತ್ತದಲ್ಲಿ ಈ ಕಪ್ಪೆಯ ಬಗ್ಗೆ ಒಂದು ಫಲಕವಾದರೂ ಇರಬೇಕಿತ್ತು ಎಂದು ನನಗೆ ಅನಿಸುತ್ತದೆ.

ಗುರುತಿಸುವಿಕೆಯಲ್ಲಿ ಅವರು ತೋರಿದ ಎಚ್ಚರವನ್ನೂ ಇಲ್ಲಿ ದಾಖಲಿಸಬೇಕು. ಈ ಕುಲದ ಪ್ರಭೇದಗಳು ನೋಟಕ್ಕೆ ಒಂದನ್ನೊಂದು ಬಹಳ ಹೋಲುತ್ತವೆ, ಒಂದೇ ಪ್ರಭೇದದಲ್ಲೂ ಬಣ್ಣ ಬೇರೆಬೇರೆಯಾಗಿರುತ್ತದೆ, ಬಿಜು ಅವರ ತಂಡಕ್ಕೂ ಡಿಎನ್‌ಎ ಪರೀಕ್ಷೆಯ ನೆರವು ಬೇಕಾಗಿತ್ತು. ಆದ್ದರಿಂದ ಮಾರ್ಗದರ್ಶಕರು ನಾವು ಕಂಡ ಪ್ರತಿಯೊಂದು ಕಪ್ಪೆಗೂ ಪ್ರಭೇದದ ಹೆಸರನ್ನು ಅಂಟಿಸದೆ, ಊರು, ಎತ್ತರ, ಹಳ್ಳ ಇವನ್ನು ನೋಡಿ ಕೊಟ್ಟಿಗೆಹಾರದ ಪ್ರಭೇದವೆಂದು ಭಾವಿಸಲು ಸಕಾರಣವಿದೆ ಎಂದಷ್ಟೇ ಹೇಳಿದರು. ಪಟ್ಟಿಗೆ ಹೆಸರು ಸೇರಿಸಿಕೊಳ್ಳಲು ಬರುವವರಿಗೆ ಇದು ರುಚಿಸದಿರಬಹುದು. ನನಗೆ ಇಂಥ ಮಾತು ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಇಂಬಳಗಳ, ಅಂದರೆ ರಕ್ತ ಹೀರುವ ಜಿಗಣೆಗಳ, ವಿಷಯ ಪ್ರತಿಯೊಬ್ಬರೂ ಕೇಳುವುದರಿಂದ ಹೇಳುತ್ತೇನೆ. ಅವು ಇವೆ, ಸಾಕಷ್ಟಿವೆ. ಹೋಂಸ್ಟೇಯವರು ಮೊಣಕಾಲಿನವರೆಗೆ ಬರುವ ಒತ್ತು ನೇಯ್ಗೆಯ ಕಾಲುಚೀಲಗಳನ್ನು ಕೊಡುತ್ತಾರೆ, ಅವು ಸಾಕಾಗುತ್ತವೆ. ಕೀಟ ಓಡಿಸುವ ಸ್ಪ್ರೇ, ಡೆಟಾಲ್, ಹೊಗೆಸೊಪ್ಪಿನ ನೀರು, ಸುಣ್ಣ ಇವುಗಳಲ್ಲಿ ಯಾವುದನ್ನೂ ಹಚ್ಚಿಕೊಂಡು ಹಳ್ಳದ ಬಳಿಗೆ ಬರಬಾರದೆಂದು ಕಟ್ಟುನಿಟ್ಟಾಗಿ ಹೇಳುತ್ತಾರೆ. ಕಪ್ಪೆ ನೀರನ್ನು ಬಾಯಿಯಿಂದ ಕುಡಿಯುವುದಿಲ್ಲ, ಚರ್ಮದಿಂದಲೇ ಹೀರಿಕೊಳ್ಳುತ್ತದೆ, ಉಸಿರಾಟದ ಒಂದು ಭಾಗವೂ ಚರ್ಮದ ಮೂಲಕವೇ ನಡೆಯುತ್ತದೆ. ನಮ್ಮ ಕೈಗೆ ಹಚ್ಚಿದ್ದು ಅದರ ಮೈಯೊಳಗೆ ಹೋಗುತ್ತದೆ. ಕಪ್ಪೆಯನ್ನು ಮುಟ್ಟುವುದನ್ನೂ, ಮೊಬೈಲಿನಲ್ಲಿ ಅದರ ಕೂಗನ್ನು ನುಡಿಸಿ ಅದನ್ನು ಕೆರಳಿಸುವುದನ್ನೂ ಬೆಳಗಿನ ನಡಿಗೆಯಲ್ಲಿ ಅವರು ಬಿಡುವುದಿಲ್ಲ.

ಬೆಳಗಿನ ನಡಿಗೆಯಲ್ಲಿ ಎಂದು ಒತ್ತಿ ಹೇಳಲು ಕಾರಣವಿದೆ. ರಾತ್ರಿಯ ನಡಿಗೆಯನ್ನು ಬೇರೆಯವರು ನಡೆಸುತ್ತಾರೆ, ಅದು ಬೇರೆಯೇ ಮಟ್ಟದಲ್ಲಿದೆ. ವಾರಾಂತ್ಯದಲ್ಲಿ ಬಂದವರನ್ನೆಲ್ಲ ಒಂದೇ ಗುಂಪಾಗಿ ಹೊರಡಿಸಿದರು. ಎಲೆಯ ಮೇಲೆ ಕುಳಿತಿದ್ದ ಪೊದೆಗಪ್ಪೆಯೊಂದನ್ನು ನಡೆಸಿಕೊಡುವವರೇ ಕೈಯಲ್ಲಿ ಹಿಡಿದು, ಫೋಟೋಕ್ಕೆ ಅನುಕೂಲವಾಗಲೆಂದು ಇನ್ನೊಂದು ಕೊಂಬೆಯ ಮೇಲೆ ಕುಳ್ಳಿರಿಸಿದರು. ಹಲವು ಟಾರ್ಚುಗಳ ಬೆಳಕು ಒಟ್ಟಿಗೇ ಅದರ ಕಣ್ಣಿಗೆ ಬಿತ್ತು. ರೀಲ್ಸ್ ಮಾಡಲೆಂದು ಇಬ್ಬರು ನೇರವಾಗಿ ಹಳ್ಳಕ್ಕೇ ಇಳಿದರು, ಅವರನ್ನು ಯಾರೂ ತಡೆಯಲಿಲ್ಲ. ಬೆಳಿಗ್ಗೆ ನಮಗೆ ಒಂದು ಹೆಜ್ಜೆಯನ್ನೂ ಇಡಲು ಬಿಡದ ಅದೇ ಹಳ್ಳದ ಕೆಳಭಾಗ ಅದು. ಮರಳಿನೊಳಗಿನ ಮೊಟ್ಟೆಗೆ ಹಗಲು ರಾತ್ರಿಯ ಭೇದವಿಲ್ಲ. ಒಂದೇ ಸಂಸ್ಥೆಯ ಎರಡು ನಡಿಗೆಗಳ ನಡುವೆ ಇಷ್ಟು ಅಂತರ ಇರುವುದು ತೀರ ದುಃಖದ ಸಂಗತಿ. ಮರುದಿನ ಇದನ್ನು ಮಾಲೀಕರ ಗಮನಕ್ಕೆ ತಂದಾಗ ಅವರು ಆಲಿಸಿದರು, ವಾರಾಂತ್ಯದ ಒತ್ತಡದ ಬಗ್ಗೆ ಹೇಳಿದರು. ಒತ್ತಡ ನಿಜವಿರಬಹುದು, ಆದರೆ ಗುಂಪಿನ ಗಾತ್ರಕ್ಕೆ ಮಿತಿ ಹಾಕುವುದು ಅವರ ಕೈಯಲ್ಲೇ ಇದೆ.

ಸರಿಯಾಗಿ ನಡೆಸಿದರೆ ರಾತ್ರಿಯ ನಡಿಗೆಗೂ ಅದರದೇ ಆದ ಬೆಲೆಯಿದೆ ಎಂಬುದನ್ನು ಮರೆಯಬಾರದು. ಮುಂಗಾರಿನ ಮೊದಲ ವಾರಗಳಲ್ಲಿ ಪೊದೆಗಪ್ಪೆಗಳ ಗಂಡುಗಳು ಕಾಫಿ ಗಿಡಗಳ ಮೇಲೂ ಕುಳಿತು ಕೂಗುತ್ತವೆ. ಅವುಗಳ ಮೊಟ್ಟೆಯಿಂದ ಗೊದಮೊಟ್ಟೆಯ ಹಂತವಿಲ್ಲದೆ ನೇರವಾಗಿ ಪುಟ್ಟ ಕಪ್ಪೆಯೇ ಹೊರಬರುತ್ತದೆ. ಹಾರುಗಪ್ಪೆಗಳು ನೀರಿನ ಮೇಲೆ ಬಾಗಿದ ಕೊಂಬೆಗಳಿಗೆ ನೊರೆಯ ಗೂಡು ಕಟ್ಟುತ್ತವೆ. ಅಂದರೆ ಜಾಹೀರಾತಿನ ಜೂನ್ ತಿಂಗಳು ರಾತ್ರಿಯ ನಡಿಗೆಗೆ ಒಪ್ಪುತ್ತದೆ, ಬೆಳಗಿನ ನಡಿಗೆಗೆ ಒಪ್ಪುವುದಿಲ್ಲ. ಎರಡು ನಡಿಗೆಗಳಿಗೆ ಎರಡು ಋತುಗಳನ್ನು ಬೇರೆಬೇರೆಯಾಗಿ ಪ್ರಕಟಿಸಿದರೆ ಅತಿಥಿಗಳಿಗೂ ನ್ಯಾಯ, ಹೋಂಸ್ಟೇಗೂ ವರ್ಷದ ಹೆಚ್ಚು ತಿಂಗಳು ಕೆಲಸ. ಉತ್ತರ ಕನ್ನಡದ ಕತ್ತಲೆಕಾನಿನಂಥ ಜಾಗಗಳಲ್ಲಿ, ಮೊಟ್ಟೆಗಳಿಗೆ ಕೈಯಿಂದ ಮಣ್ಣು ಮೆತ್ತುವ ಕುಂಬಾರ ಕಪ್ಪೆಯನ್ನು ನೋಡಬಯಸುವವರಿಗೆ ರಾತ್ರಿಯೇ ಬೇಕು. 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಆ ಕಪ್ಪೆಯ ಕಥೆ ಬೇರೆ, ಅದನ್ನು ಇಲ್ಲಿ ನಿರೀಕ್ಷಿಸಿ ಬರಬೇಡಿ.

ನನ್ನ ಎರಡನೆಯ ಮುಖ್ಯ ಆಕ್ಷೇಪ ಹಳ್ಳದ ಮೇಲ್ಭಾಗದಲ್ಲಿ ಅವರು ಮರಳಿನ ಚೀಲಗಳನ್ನು ಅಡ್ಡವಿಟ್ಟು ಮಾಡಿರುವ ಈಜುಗುಂಡಿಯ ಕುರಿತು. ನೈಸರ್ಗಿಕ ಕೊಳ ಎಂದು ಅದನ್ನು ಕರೆಯುತ್ತಾರೆ, ಮಕ್ಕಳು ಅಲ್ಲಿ ಸಂತೋಷಪಡುತ್ತಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಡ್ಡಗಟ್ಟಿದ ನೀರು ನಿಂತಲ್ಲಿ ಹೂಳು ಕೂರುತ್ತದೆ, ಮರಳು ಕಲ್ಲುಗಳ ಸಂದಿಗಳು ಮುಚ್ಚಿಹೋಗುತ್ತವೆ, ಕೆಳಭಾಗಕ್ಕೆ ಹರಿವು ಕಡಿಮೆಯಾಗುತ್ತದೆ. ನವೆಂಬರ್ ಹೊತ್ತಿಗೆ ಹಳ್ಳ ತಾನಾಗಿಯೇ ಸೊರಗುತ್ತಿರುತ್ತದೆ. ಹರಿಯುವ ನೀರಿನ ತಳದಲ್ಲಿ ಮೊಟ್ಟೆ ಇಡುವ ಪ್ರಾಣಿಗೆ ಆ ಸಮಯದಲ್ಲಿ ಇನ್ನಷ್ಟು ನೀರನ್ನು ಕಸಿದುಕೊಳ್ಳುವುದು ಗಂಡಾಂತರ. ಸೋಪು, ಶಾಂಪೂ ಬಳಸಬಾರದೆಂಬ ಫಲಕವಿದೆ, ಆದರೂ ಗುಂಡಿಯ ಅಂಚಿನಲ್ಲಿ ಖಾಲಿ ಸ್ಯಾಷೆಗಳನ್ನು ನಾನು ನೋಡಿದೆ. ಕುಣಿಯುವ ಕಪ್ಪೆಯ ಚಿತ್ರವನ್ನು ತಮ್ಮ ಗುರುತಾಗಿ ಹಾಕಿಕೊಂಡಿರುವವರು ಆ ಕಪ್ಪೆಯ ಹಳ್ಳಕ್ಕೆ ಅಡ್ಡಗಟ್ಟುವುದು ಸಲ್ಲದು. ಈಜಲು ಬೇಕಾದರೆ ಹಳ್ಳದಿಂದ ದೂರದಲ್ಲಿ ಬೇರೆ ವ್ಯವಸ್ಥೆ ಮಾಡಲು ತೋಟದಲ್ಲಿ ಜಾಗ ಧಾರಾಳವಾಗಿದೆ.

ಅರೇಬಿಕಾ ಕೊಯ್ಲು ಕೂಡ ನವೆಂಬರಿನ ಆಸುಪಾಸಿನಲ್ಲೇ ಆರಂಭವಾಗುವುದರಿಂದ ಪಲ್ಪಿಂಗ್ ನೀರಿನ ಬಗ್ಗೆ ವಿಚಾರಿಸಿದೆ. ಹಣ್ಣಿನ ಸಿಪ್ಪೆ ತೆಗೆದ ಮೇಲೆ ಉಳಿಯುವ ಆ ಹುಳಿಯಾದ, ಕೊಳೆಯುವ ನೀರು ಹಳ್ಳಕ್ಕೆ ಸೇರಿದರೆ ನೀರಿನಲ್ಲಿರುವ ಆಮ್ಲಜನಕ ಕುಗ್ಗಿ ಜಲಚರಗಳು ಸಾಯುತ್ತವೆ. ಇಲ್ಲಿ ಅದನ್ನು ಹಳ್ಳದಿಂದ ದೂರದ ಇಂಗುಗುಂಡಿಗಳಿಗೆ ಹರಿಸುತ್ತಾರೆ. ಗುಂಡಿಗಳನ್ನು ಯಾವ ಸಂಕೋಚವೂ ಇಲ್ಲದೆ ತೋರಿಸಿದರು. ಈ ವಿಷಯದಲ್ಲಿ ಅವರಿಗೆ ಪೂರ್ಣ ಅಂಕ ಕೊಡುತ್ತೇನೆ.

ಊಟ, ವಸತಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕೊಠಡಿಗಳು ಶುಚಿಯಾಗಿವೆ, ಮಳೆಗಾಲದ ತೇವದ ವಾಸನೆ ಇದ್ದೇ ಇರುತ್ತದೆ, ಬಿಸಿನೀರಿಗೆ ಹಂಡೆಯಿದೆ. ಅಕ್ಕಿರೊಟ್ಟಿ, ಕಡುಬು, ಕಳಲೆ ಪಲ್ಯ ಮನೆಯ ಅಡುಗೆಯ ರುಚಿಯಲ್ಲಿದ್ದವು. ನಡಿಗೆಯ ಶುಲ್ಕ ವಸತಿಯ ದರದಲ್ಲಿ ಸೇರಿಲ್ಲ, ಪ್ರತ್ಯೇಕವಾಗಿ ಕೊಡಬೇಕು. ಅದು ಆ ಭಾಗದಲ್ಲಿ ಬೆಟ್ಟಕ್ಕೆ ಜೀಪಿನಲ್ಲಿ ಹೋಗಿಬರಲು ಕೇಳುವ ಹಣಕ್ಕಿಂತ ಕಡಿಮೆಯೇ. ಬೆಳಗಿನ ನಡಿಗೆಗೆ ಅದರ ಇಮ್ಮಡಿ ಕೇಳಿದರೂ, ಗುಂಪನ್ನು ಐದಾರು ಜನಕ್ಕೆ ಇಳಿಸಿ ಆ ಹೆಚ್ಚಿನ ಹಣವನ್ನು ಮಾರ್ಗದರ್ಶಕರಿಗೆ ಕೊಡುವುದಾದರೆ, ನಾನು ಸಂತೋಷದಿಂದ ಕೊಡುತ್ತೇನೆ.

ಇಷ್ಟು ಕಟ್ಟುನಿಟ್ಟಾಗಿ ಬರೆಯಲು ಕಾರಣ ಈ ಕಪ್ಪೆಗಳ ಇಂದಿನ ಸ್ಥಿತಿ. ಜಗತ್ತಿನ ಉಭಯವಾಸಿಗಳ ಪರಿಸ್ಥಿತಿಯ ಕುರಿತು 2023ರಲ್ಲಿ ಪ್ರಕಟವಾದ ವರದಿ, ಕುಣಿಯುವ ಕಪ್ಪೆಗಳ ಕುಲವನ್ನು ಪ್ರಪಂಚದಲ್ಲೇ ಅತ್ಯಂತ ಹೆಚ್ಚು ಅಪಾಯದಲ್ಲಿರುವ ಕುಲಗಳ ಸಾಲಿನಲ್ಲಿ ಐದನೆಯದಾಗಿ ಗುರುತಿಸಿತು. ಅದರ ಪ್ರಭೇದಗಳಲ್ಲಿ ನೂರಕ್ಕೆ 92ರಷ್ಟು ಅಳಿವಿನ ಭೀತಿಯ ವರ್ಗಗಳಲ್ಲಿವೆ. ಹಳ್ಳದ ಮೇಲಿನ ಮರಗಳ ಚಪ್ಪರ ಹೋದರೆ ಬಂಡೆ ಕಾಯುತ್ತದೆ, ನೀರು ಬೆಚ್ಚಗಾಗುತ್ತದೆ, ದಂಡೆ ಬಿಟ್ಟು ಬೇರೆಡೆಗೆ ಹೋಗಿ ಬದುಕಲು ಈ ಕಪ್ಪೆಗೆ ಆಗುವುದಿಲ್ಲ. ಅಡಕೆ ಮತ್ತು ಕಾಫಿ ತೋಟಗಳ ವಿಸ್ತರಣೆ, ಕಿರು ಜಲವಿದ್ಯುತ್ ಯೋಜನೆಗಳು, ಹಳ್ಳಗಳಿಗೆ ಬಿಟ್ಟ ಹೊರನಾಡಿನ ಮೀನುಗಳು ಇವೆಲ್ಲ ಒಂದರ ಮೇಲೊಂದು ಬಂದಿವೆ. ಇವುಗಳ ನೆಲೆ ಹೆಚ್ಚಾಗಿ ಖಾಸಗಿ ಜಮೀನಿನ ಹಳ್ಳಗಳನ್ನೂ ಒಳಗೊಂಡಿರುವುದರಿಂದ, ತೋಟದ ಮಾಲೀಕರಿಗೆ ಹಳ್ಳದ ನೆರಳನ್ನು ಉಳಿಸಲು ಆರ್ಥಿಕ ಕಾರಣವೊಂದು ಸಿಕ್ಕರೆ ಅದು ದೊಡ್ಡ ಉಪಕಾರ. ಹಾಗಾಗಿ ಈ ಸೇವೆ ಮುಚ್ಚಿಹೋಗಬೇಕೆಂದು ನಾನು ಬಯಸುವುದಿಲ್ಲ, ಅದು ಬೆಳಗಿನ ನಡಿಗೆಯ ಮಟ್ಟದಲ್ಲೇ ಪೂರ್ತಿಯಾಗಿ ನಡೆಯಬೇಕೆಂದು ಬಯಸುತ್ತೇನೆ.

ಹೋಗಬಯಸುವವರಿಗೆ ಕೆಲವು ಮಾತು. ಅಕ್ಟೋಬರ್ ಮಧ್ಯದಿಂದ ನವೆಂಬರ್‌ವರೆಗಿನ ವಾರದ ದಿನಗಳನ್ನು ಆರಿಸಿಕೊಳ್ಳಿ. ಬೆಂಗಳೂರಿನಿಂದ ಹಾಸನ, ಬೇಲೂರು, ಮೂಡಿಗೆರೆ ಮಾರ್ಗವಾಗಿ ಧರ್ಮಸ್ಥಳಕ್ಕೆ ಹೋಗುವ ಬಸ್ಸುಗಳು ಕೊಟ್ಟಿಗೆಹಾರದಲ್ಲಿ ನಿಲ್ಲುತ್ತವೆ, ಮುಂದೆ ತೋಟದವರೇ ವಾಹನ ಕಳಿಸುತ್ತಾರೆ. ಕಂದು, ಹಸಿರು ಬಣ್ಣದ ಬಟ್ಟೆ ಹಾಕಿಕೊಳ್ಳಿ, ದುರ್ಬೀನು ಒಯ್ಯಿರಿ. ಹತ್ತಿರಕ್ಕೆ ನಾಭೀಕರಿಸಬಲ್ಲ ದುರ್ಬೀನಿದ್ದರೆ ದಂಡೆಯಿಂದಲೇ ಕಪ್ಪೆಯ ಬೆರಳುಗಳನ್ನೂ ಎಣಿಸಬಹುದು, ಕ್ಯಾಮೆರಾ ಹಿಡಿದು ಮುಂದೆ ಸರಿಯುವ ಆಸೆಯೇ ಆಗುವುದಿಲ್ಲ. ಕಾಯ್ದಿರಿಸುವಾಗ ಬೆಳಗಿನ ನಡಿಗೆಯನ್ನು ಹಿರಿಯ ಮಾರ್ಗದರ್ಶಕರೇ ನಡೆಸುತ್ತಾರೆಯೇ, ಗುಂಪಿನಲ್ಲಿ ಎಷ್ಟು ಜನ, ಯಾರಾದರೂ ನೀರಿಗೆ ಇಳಿದರೆ ಏನು ಮಾಡುತ್ತೀರಿ ಎಂಬ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರ ಸ್ಪಷ್ಟವಾಗಿ ಬಂದ ಮೇಲೆಯೇ ಹಣ ಕಳಿಸಿ. ಬೆಳಗಿನ ನಡಿಗೆಗೆ ಐದರಲ್ಲಿ ನಾಲ್ಕೂವರೆ, ರಾತ್ರಿಯ ನಡಿಗೆಗೆ ಎರಡು. ಈಜುಗುಂಡಿಯ ಚೀಲಗಳನ್ನು ತೆಗೆದುಹಾಕಿದ ಸುದ್ದಿ ಬಂದ ದಿನ ಒಟ್ಟು ಅಂಕವನ್ನು ತಿದ್ದಿ ಮತ್ತೆ ಬರೆಯುತ್ತೇನೆ.